ಕಾರಣ ಬರೆಯದ ಅರ್ಜಿ

೬ ಜನವರಿ, ಸೋಮವಾರ

ಈ ದಿನ ಬೆಳಿಗ್ಗೆ ನನ್ನ ಮಗ ಶಶಿಕಿರಣನು, ಆಲ್ದೂರಿನ ಬಸ್ ನಿಲ್ದಾಣದ ಎದುರಿಗಿರುವ ನಮ್ಮ ಕಾಫಿಪುಡಿ ಅಂಗಡಿಯನ್ನು ಸಿನಿಮಾ ಚಿತ್ರೀಕರಣಕ್ಕೆ ಬಿಟ್ಟುಕೊಡಲು ಒಪ್ಪಿರುವುದಾಗಿ ತಿಳಿಸಿದನು. ಕೇಳಲಿಲ್ಲ, ತಿಳಿಸಿದನು. ಈ ವ್ಯತ್ಯಾಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

"ಕಥೆ ಎಂಥದ್ದು?" ಎಂದು ಕೇಳಿದೆ.

"ಕಾಮಿಡಿ ಅಮ್ಮ. ಮನೆಮಂದಿಯೆಲ್ಲ ಕೂತು ನೋಡೋ ಅಂಥದ್ದು."

ಕಥೆಯ ಬಗೆ ಹೇಳಿದನೇ ಹೊರತು ಕಥೆ ಹೇಳಲಿಲ್ಲ. ನಾನು ಎರಡು ಅವಧಿಗೆ ಪಂಚಾಯಿತಿ ಸದಸ್ಯೆಯಾಗಿದ್ದವಳು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದರೂ, ತಾಲ್ಲೂಕು ಕಚೇರಿಯ ಅರ್ಜಿಗಳನ್ನು ಸಾಲು ಸಾಲಾಗಿ ನಕಲು ಮಾಡಿ ಬರವಣಿಗೆ ಕಲಿತವಳು. ಮನುಷ್ಯನು ಯಾವುದನ್ನು ಬಿಟ್ಟು ಹೇಳುತ್ತಾನೋ ವಿಷಯವು ಅಲ್ಲಿಯೇ ಇರುತ್ತದೆ ಎಂಬುದು ನನಗೆ ಯಾರೂ ಕಲಿಸಬೇಕಾದುದಲ್ಲ.

ಸಂಜೆ ನಿರ್ದೇಶಕಿ ಎಂಬಾಕೆ ಬಂದಳು. ಹೆಸರು ಮೇಘಶ್ರೀ. ಬಂದವಳೇ ಬೀಜದ ಮೂಟೆಯ ಮೇಲೆ ಕುಳಿತು ಕಾಫಿ ಕುಡಿದು, "ಚಿಕೋರಿ ಎಷ್ಟು ಹಾಕ್ತೀರ ಅಮ್ಮ?" ಎಂದು ಕೇಳಿದಳು. ಮೊದಲ ಭೇಟಿಯಲ್ಲಿಯೇ ಬೆರಕೆಯ ವಿಚಾರವೆತ್ತುವವರ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು.

೮ ಜನವರಿ, ಬುಧವಾರ

ಕಥೆ ತಿಳಿಯಿತು. ಊಟ ಸೇರಲಿಲ್ಲ.

ಚಿತ್ರದ ಹೆಸರು 'ಹೊಟ್ಟೆ ಎರಡು, ಮಗು ಒಂದು'. ಪಿಯುಸಿ ಓದುವ ಹುಡುಗಿಯೊಬ್ಬಳು ಬಸುರಾಗುತ್ತಾಳೆ. ಮಳೆಗಾಲ ಪೂರ್ತಿ ರೇನ್‌ಕೋಟು ತೊಟ್ಟು ಹೊಟ್ಟೆಯನ್ನು ಮುಚ್ಚಿಕೊಂಡು ಓಡಾಡುತ್ತಾಳೆ. ಆ ಮಗುವನ್ನು ಮಕ್ಕಳಿಲ್ಲದ ಟೀಚರೊಬ್ಬಳು ದತ್ತು ತೆಗೆದುಕೊಳ್ಳಲು ಒಪ್ಪುತ್ತಾಳೆ. ತಾನೇ ಹೆತ್ತಂತೆ ಊರು ನಂಬಲಿ ಎಂದು ಟೀಚರು ಹೊಟ್ಟೆಗೆ ಸ್ಪಂಜು ಕಟ್ಟಿಕೊಳ್ಳುತ್ತಾಳೆ. ಇದ್ದವಳು ಮುಚ್ಚುವುದು, ಇಲ್ಲದವಳು ತೋರಿಸುವುದು. ಜನರು ನಗಬೇಕಂತೆ.

ಮೇಘಶ್ರೀ ಇದನ್ನು ವಿವರಿಸುತ್ತಿದ್ದಾಗ ನನ್ನ ಸೊಸೆ ಪ್ರೇಮಕುಮಾರಿ ತಕ್ಕಡಿಯಿಂದ ತಲೆಯೆತ್ತಲಿಲ್ಲ. ಮೊಮ್ಮಗಳು ಶಿಲ್ಪಾ ಬಾಗಿಲಿಗೊರಗಿ ಕೇಳುತ್ತಿದ್ದಳು. ಅವಳೂ ಈಗ ಎರಡನೇ ಪಿಯುಸಿ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲವಾದ್ದರಿಂದ ಸಂಗತಿಯನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಪ್ರೇಮಾಳಿಗೆ ಮಕ್ಕಳಾಗಲಿಲ್ಲ. ಕುದುರೆಮುಖದಲ್ಲಿ ಗಣಿ ನಿಂತು ಜನರು ಮನೆ ಖಾಲಿ ಮಾಡುತ್ತಿದ್ದ ಕಾಲದಲ್ಲಿ, ಅಲ್ಲಿ ವಾಸವಿದ್ದ ಪ್ರೇಮಾಳ ಅಕ್ಕನ ಮೂಲಕ, ಹದಿನೇಳರ ಹುಡುಗಿಯೊಬ್ಬಳ ವಿಷಯ ತಿಳಿಯಿತು. ದತ್ತಕ ಪತ್ರವನ್ನು ಕ್ರಮಬದ್ಧವಾಗಿ ನೋಂದಾಯಿಸಿದೆವು. ಆದರೆ ಅದಕ್ಕೆ ಮೊದಲು ಪ್ರೇಮಾ ನನ್ನ ಹಳೆಯ ಸೀರೆಯನ್ನು ಮಡಚಿ ಹೊಟ್ಟೆಗೆ ಕಟ್ಟಿಕೊಂಡು ಆಲ್ದೂರಿನಲ್ಲಿ ಓಡಾಡಿದಳು, ಸೀಮಂತವಾಯಿತು, ಬಾಣಂತನಕ್ಕೆಂದು ಅಕ್ಕನ ಮನೆಗೆ ಹೋದಳು, ಮಗುವಿನೊಂದಿಗೆ ಬಂದಳು. ಕಾನೂನಿಗೆ ನಿಜ ಹೇಳಿದೆವು, ಬೀದಿಗೆ ಸುಳ್ಳು ಹೇಳಿದೆವು. ಯೋಜನೆ ಸಂಪೂರ್ಣವಾಗಿ ನನ್ನದು. ಒಂದು ಲೋಪವೂ ಆಗಲಿಲ್ಲ.

ಶಿಲ್ಪಾಳಿಗೆ ಇದು ತಿಳಿದಿಲ್ಲ. ತಿಳಿಯಕೂಡದು. ತಿಳಿದ ದಿನ ಅವಳು ನನ್ನನ್ನು ಅಜ್ಜಿ ಎಂದು ಕರೆಯುವ ದನಿಯಲ್ಲಿ ಎಷ್ಟು ಉಳಿದೀತೆಂದು ಯಾರು ಬಲ್ಲರು?

ಸಿನಿಮಾದವರಿಗೆ ಹೇಳಿದವರು ಯಾರು?

೯ ಜನವರಿ, ಗುರುವಾರ

ಪಂಚಾಯಿತಿಗೆ ಹೋಗಿ, ಸದರಿ ಚಿತ್ರೀಕರಣಕ್ಕೆ ಅನುಮತಿ ನೀಡಬಾರದೆಂದು ಅರ್ಜಿ ಸಲ್ಲಿಸಿದೆ. ಅಭಿವೃದ್ಧಿ ಅಧಿಕಾರಿ ಚಿಕ್ಕ ವಯಸ್ಸಿನವನು. ಗೌರವದಿಂದ ಎದ್ದು ನಿಂತು, ಓದಿ, ಹಿಂದಿರುಗಿಸಿದನು.

"ಅಮ್ಮ, ಭಾಷೆ ಚೆನ್ನಾಗಿದೆ. ಆದ್ರೆ ಕಾರಣವೇ ಇಲ್ವಲ್ಲ?"

ನೂರಾರು ಜನರಿಗೆ ನಲ್ಲಿಗಾಗಿ, ರಸ್ತೆಗಾಗಿ, ವಿಧವಾ ವೇತನಕ್ಕಾಗಿ ಅರ್ಜಿ ಬರೆದುಕೊಟ್ಟ ಕೈ ಇದು. ಕಾರಣ ಬರೆಯಲಾಗದೆ ನಿಂತದ್ದು ಇದೇ ಮೊದಲು. ಕೊನೆಗೆ, ಕೃತಕ ಮಳೆಗಾಗಿ ಟ್ಯಾಂಕರಿನಿಂದ ನೀರು ಹಾರಿಸುವುದರಿಂದ ಅಕ್ಕಪಕ್ಕದ ಕಣಗಳಲ್ಲಿ ಒಣಹಾಕಿದ ಕಾಫಿ ನೆನೆಯುತ್ತದೆ ಎಂದು ಬರೆದೆ. "ಅವ್ರಿಗೆ ಟಾರ್ಪಾಲು ಹಾಕೋಕೆ ಹೇಳ್ತೀನಿ" ಎಂದನು.

ಅರ್ಜಿ ಅಲ್ಲಿಗೆ ಮುಗಿಯಿತು.

ಹಿಂದಿರುಗುವಾಗ ದ್ಯಾವಮ್ಮ ಸಿಕ್ಕಳು. ಮೂರು ಎಕರೆ ತೋಟದ ಒಡತಿ, ನನ್ನ ವಯಸ್ಸಿನವಳೇ, ಪ್ರತಿ ವರ್ಷ ಮನೆ ಬಳಕೆಯ ಬೀಜವನ್ನು ನಮ್ಮಲ್ಲಿಯೇ ಹುರಿಸುತ್ತಾಳೆ, ಪ್ರತಿ ವರ್ಷವೂ ಹೆಚ್ಚು ಕರಿದಾಯಿತೆಂದು ದೂರುತ್ತಾಳೆ.

"ಎಂತ ಶಂಕ್ರಮ್ಮೋರೆ, ನಿಮ್ಮ ಅಂಗಡೀಲಿ ಸಿನ್ಮಾ ಅಂತೆ? ಬಸುರಿ ಕಥೆ ಅಂತೆ?" ಎಂದು ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸೆರಗು ಏಕೆ? ಹಲ್ಲಿಲ್ಲದ ಬಾಯಿಯನ್ನು ಇವಳು ಈವರೆಗೆ ಯಾರಿಗೂ ಮರೆಮಾಡಿದವಳಲ್ಲ.

೧೧ ಜನವರಿ, ಶನಿವಾರ

ಮೇಘಶ್ರೀಯನ್ನು ಮಾತಿಗೆಳೆದೆ. ಊರು ಕೇಳಿದೆ.

"ಹುಟ್ಟಿದ್ದು ಕುದುರೆಮುಖ ಅಮ್ಮ. ಅಪ್ಪ ಕಂಪನೀಲಿದ್ರು. ಈಗ ಹೋದ್ರೆ ನಮ್ಮ ಕ್ವಾರ್ಟರ್ಸ್ ಒಳಗೆ ಮರ ಬೆಳ್ದಿದೆ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಯಾರಿಗೂ ಕಾಣದಂತೆ ಇಟ್ಟೆನೆಂದು ಭಾವಿಸುತ್ತೇನೆ.

ಆ ಹುಡುಗಿ ಬದುಕಿದ್ದರೆ ಈಗ ಮೂವತ್ತನಾಲ್ಕೋ ಮೂವತ್ತೈದೋ ಆಗಿರಬೇಕು. ಇವಳಿಗೆಷ್ಟು? ಸಿನಿಮಾದವರ ವಯಸ್ಸನ್ನು ಮುಖ ನೋಡಿ ಹೇಳಲಾಗದು. ಶಿಲ್ಪಾಳ ಗಲ್ಲವನ್ನೂ ಇವಳ ಗಲ್ಲವನ್ನೂ, ಶಿಲ್ಪಾಳ ಕಿವಿಯನ್ನೂ ಇವಳ ಕಿವಿಯನ್ನೂ ಇಡೀ ಮಧ್ಯಾಹ್ನ ಹೋಲಿಸಿ ನೋಡಿದೆ. ಒಮ್ಮೆ ಹೌದೆನಿಸುತ್ತದೆ, ಒಮ್ಮೆ ಅಲ್ಲವೆನಿಸುತ್ತದೆ.

ಆ ದಿನ ಮಗುವನ್ನು ತರಲು ಅವರ ಬಾಗಿಲಿಗೆ ಹೋದವಳು ನಾನೊಬ್ಬಳೇ. ಜುಲೈ ತಿಂಗಳ ಮಳೆ. ಹುಡುಗಿ ಆಸ್ಪತ್ರೆಯಿಂದ ಬರುವಾಗ ತೊಟ್ಟಿದ್ದ ಶಾಲೆಯ ನೀಲಿ ರೇನ್‌ಕೋಟಿನಲ್ಲಿಯೇ ಹೊಸ್ತಿಲಲ್ಲಿ ನಿಂತಿದ್ದಳು. ಮಗುವನ್ನು ಕೊಟ್ಟಳು. ತೆಗೆದುಕೊಂಡೆ. ಬಸ್ಸು ಹೊರಡುವುದರಲ್ಲಿತ್ತು. ಅವಳ ಮುಖವನ್ನು ನಾನು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ನೋಡಿದ್ದರೆ ಇಂದು ಉಪಯೋಗಕ್ಕೆ ಬರುತ್ತಿತ್ತು.

೧೪ ಜನವರಿ, ಮಂಗಳವಾರ, ಸಂಕ್ರಾಂತಿ

ಶಿಲ್ಪಾ ಎಳ್ಳು ಬೀರಲು ಮೊದಲು ಹೋದದ್ದು ಸಿನಿಮಾದವರ ಬಿಡಾರಕ್ಕೆ. ಅವಳು ಮತ್ತು ಮೇಘಶ್ರೀ ಮೆಟ್ಟಿಲ ಮೇಲೆ ಕುಳಿತು ಕಬ್ಬು ಕಡಿಯುತ್ತ ನಗುತ್ತಿದ್ದರು. ನಾನು ಹೋದೊಡನೆ ನಗು ನಿಂತಿತು. ಎಳ್ಳು ತಿಂದು ಒಳ್ಳೆಯ ಮಾತಾಡಬೇಕಾದ ದಿನ, ನಾನು ಯಾರೊಡನೆಯೂ ಮಾತನಾಡದೆ ಹಿಂದಿರುಗಿದೆ.

೧೬ ಜನವರಿ, ಗುರುವಾರ

ಪ್ರೇಮಾಳನ್ನು ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ವಿಚಾರಿಸಿದೆ.

"ಸಿನಿಮಾದವರಿಗೆ ನೀನು ಏನಾದರೂ ಹೇಳಿದೆಯಾ?"

"ಇಲ್ಲ ಅತ್ತೆ."

"ನಿನ್ನ ಅಕ್ಕ?"

"ಅವಳ್ಯಾಕೆ ಹೇಳ್ತಾಳೆ? ಅತ್ತೆ, ಬಿಡಿ ಅದನ್ನ. ಇಷ್ಟು ವರ್ಷ ಆಯ್ತು."

"ಆ ಮೇಘಶ್ರೀ ಕುದುರೆಮುಖದವಳು. ಅವಳೇ ಆ ಹುಡುಗಿಯಾಗಿದ್ದು, ಶಿಲ್ಪಾಳನ್ನು ಕೇಳಿಕೊಂಡು ಬಂದಿದ್ದರೆ?"

ಪ್ರೇಮಾ ಹಿಟ್ಟಿನ ಕೈಯಲ್ಲಿಯೇ ನನ್ನನ್ನು ನೋಡಿದಳು. ಗಾಬರಿಯಾಗಬೇಕಾದವಳಿಗೆ ನಗು ಬಂದಂತಿತ್ತು. "ಅವ್ಳಿಗೆ ಇಪ್ಪತ್ತೇಳು ವರ್ಷ ಅತ್ತೆ! ಕಂಪನಿ ಮುಚ್ಚಿದಾಗ ಎರಡನೇ ಕ್ಲಾಸಲ್ಲಿದ್ಳಂತೆ. ಅಷ್ಟು ಚಿಕ್ಕ ಹುಡುಗಿ ಶಿಲ್ಪಾನ ಹೆರೋಕಾಗುತ್ತಾ?"

ಲೆಕ್ಕ ಸರಿಯಾಗಿತ್ತು. ಸಮಾಧಾನವಾಗಬೇಕಿತ್ತು. ಆದರೆ ಪ್ರೇಮಾಳಿಗೆ ಅವಳ ವಯಸ್ಸು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವೇನು? ಈ ಮನೆಯಲ್ಲಿ ನನ್ನ ಬೆನ್ನ ಹಿಂದೆ ಮಾತುಕತೆ ನಡೆಯುತ್ತಿದೆ. ಅದರಲ್ಲಿ ಈಗ ಸಂಶಯವಿಲ್ಲ.

೧೭ ಜನವರಿ, ಶುಕ್ರವಾರ

ಟ್ಯಾಂಕರಿನ ಮಳೆ ಸುರಿಯಿತು. ನೀಲಿ ರೇನ್‌ಕೋಟು ತೊಟ್ಟ ನಟಿ ಅಂಗಡಿಯ ಮುಂದೆ ನಡೆದಳು. ಮೇಲೆ ಉರಿಬಿಸಿಲು.

ರೇನ್‌ಕೋಟು ನೀಲಿಯೇ ಏಕೆ? ಹಸಿರು ಇರಲಿಲ್ಲವೇ?

ಆ ನೀರು ದ್ಯಾವಮ್ಮನ ಕಣದ ಟಾರ್ಪಾಲಿನ ಅಡಿಗೂ ಹರಿಯಿತು. ಅವಳು ಕಳೆ ತೆಗೆಯುವ ಕತ್ತಿ ಹಿಡಿದು ಬಂದು, "ಜನವರೀಲಿ ಮಳೆ ತರೋಕೆ ನೀವೇನು ಇಂದ್ರನ ಮಕ್ಳನ್ರೋ?" ಎಂದು ತಂಡದವರನ್ನೆಲ್ಲ ಸಾಲಾಗಿ ಬೈದಳು. ಮೇಘಶ್ರೀ ಕೈಮುಗಿದು, ನಾಡಿದ್ದಿನ ದೃಶ್ಯದಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳುವ ಪಾತ್ರ ಕೊಡುತ್ತೇನೆಂದು ಹೇಳಿದಳು. ಕತ್ತಿ ಕೆಳಗಿಳಿಯಿತು.

೧೯ ಜನವರಿ, ಭಾನುವಾರ

ನಡೆದುದನ್ನು ನಡೆದ ಕ್ರಮದಲ್ಲಿಯೇ ಬರೆಯಬೇಕು. ಅಕ್ಷರ ಕೆಟ್ಟರೆ ಕೆಡಲಿ.

ಈ ದಿನ ಅಂಗಡಿಯೊಳಗಿನ ದೃಶ್ಯ. ಹುರಿಯುವ ಯಂತ್ರ ತಿರುಗುತ್ತಿತ್ತು, ನಿಜವಾದ ಬೀಜವನ್ನೇ ಹಾಕಿದ್ದರು, ಹೊಗೆ ಎಂದಿನಂತೆ ಗಾಢವಾಗಿತ್ತು. ಬೆಂಚಿನ ಮೇಲೆ ದ್ಯಾವಮ್ಮನೂ ನಮ್ಮ ಬೀದಿಯ ಇನ್ನೂ ನಾಲ್ಕೈದು ಹೆಂಗಸರೂ ಊರಿನವರ ಪಾತ್ರದಲ್ಲಿ ಕುಳಿತಿದ್ದರು. ಟೀಚರ ಪಾತ್ರದ ನಟಿ ಹೊಟ್ಟೆಗೆ ತೆಳುವಾದ ಸ್ಪಂಜು ಕಟ್ಟಿಕೊಂಡು ಬಂದು, ಯಂತ್ರದ ಪಕ್ಕದಲ್ಲಿಯೇ ನಿಂತು, ಕಾಲು ಕೆ.ಜಿ. ಪುಡಿ ಕೇಳಿ, ನಗುನಗುತ್ತ ತನಗೀಗ ಮೂರನೇ ತಿಂಗಳೆಂದು ಹೇಳಬೇಕು. ಹೆಂಗಸರು ನಂಬಬೇಕು.

ತಪ್ಪನ್ನು ಕಂಡೂ ಸುಮ್ಮನಿರುವ ಅಭ್ಯಾಸ ನನಗಿಲ್ಲ.

"ನಿಲ್ಲಿಸಿ!" ಎಂದೆ. "ಇದು ಶುದ್ಧ ತಪ್ಪು. ಮೂರು ತಿಂಗಳ ಬಸುರಿ ಹುರಿಯೋ ಹೊಗೆ ಪಕ್ಕ ಹೀಗೆ ನಗ್ತಾ ನಿಲ್ಲೋದಿಲ್ಲ. ಶಶಿ ಹೊಟ್ಟೇಲಿದ್ದಾಗ ನಾನು ಈ ಅಂಗಡಿ ಕಡೆ ತಲೆ ಹಾಕಿರಲಿಲ್ಲ, ವಾಸನೆಗೇ ಕರುಳು ಬಾಯಿಗೆ ಬರೋದು. ಕಾಫಿ ಹುರಿಯೋ ಊರಿನ ಯಾವ ಹೆಂಗಸನ್ನಾದ್ರೂ ಕೇಳಿ. ಹೀಗೆ ನಿಂತ್ರೆ ಊರು ಒಂದೇ ದಿನಕ್ಕೆ ಕಂಡುಹಿಡಿಯುತ್ತೆ!"

ಯಂತ್ರ ತಿರುಗುತ್ತಲೇ ಇತ್ತು. ಬೆಂಚಿನ ಮೇಲಿನ ಹೆಂಗಸರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ದ್ಯಾವಮ್ಮನೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಭುಜಗಳು ಕುಣಿಯುತ್ತಿದ್ದವು.

"ಕಂಡುಹಿಡಿದಿದ್ವಲ್ಲ, ಶಂಕ್ರಮ್ಮೋರೆ" ಎಂದಳು.

ಆಗ ನನ್ನ ಕಣ್ಣು ತಕ್ಕಡಿಯ ಕಡೆಗೆ ಹೋಯಿತು. ಪ್ರೇಮಾ ಕುಳಿತಿದ್ದಳು. ತಕ್ಕಡಿಯ ಹಿಂದೆ, ಯಂತ್ರದ ಎದುರಿಗೆ. ಆ ವರ್ಷವೂ ಅವಳು ಅಲ್ಲಿಯೇ ಕುಳಿತಿದ್ದಳು. ಐದು ತಿಂಗಳೆಂದು ನಾನು ಊರಿಗೆ ಸಾರಿದ ದಿನದವರೆಗೂ, ಸಾರಿದ ಮೇಲೂ, ಹುರಿಯುವ ಕಾಲ ಪೂರ್ತಿ ಅಲ್ಲಿಯೇ ಕುಳಿತು, ಹೊಗೆಯಲ್ಲಿ, ಒಮ್ಮೆಯೂ ಮೂಗು ಮುಚ್ಚದೆ, ಪುಡಿ ತೂಗಿದ್ದಳು. ಸೀರೆಯ ಮಡಿಕೆಯನ್ನು ದಿನವೂ ಸರಿಪಡಿಸುತ್ತಿದ್ದ ನಾನು ಅದನ್ನು ಕಾಣಲಿಲ್ಲ.

"ಊರಿಗೆಲ್ಲ ಗೊತ್ತಿತ್ತೇ?" ಎಂದು ಕೇಳಿದೆ.

"ಊರಿಗೆಲ್ಲ ಎಲ್ಲಿ? ಹೆಂಗಸ್ರಿಗೆ ಅಷ್ಟೆ. ಗಂಡಸ್ರಿಗೆ ಎಂತ ತಿಳೀತದೆ?"

"ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

"ಎಂತ ಹೇಳೋದು ಮಾರಾಯ್ತಿ? ಸೀಮಂತ ಅಂತ ಹೋಳಿಗೆ ಹಾಕ್ಸಿದ್ರಿ, ಉಂಡ್ವಿ. ಮಗು ತಂದ್ರಿ, ನೋಡಿದ್ವಿ. ಚಂದ ಇತ್ತು. ಅದ್ರಲ್ಲಿ ಹೇಳೋಕೆ ಎಂತ ಉಂಟು?"

ಶಿಲ್ಪಾ. ಅವಳು ಕ್ಯಾಮೆರಾದ ಹಿಂದೆ ನಿಂತಿದ್ದಾಳೆಂಬುದು ನನಗೆ ಆಗ ನೆನಪಾಯಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಅವಳೇ ಬಂದು ನನ್ನ ಮೊಣಕೈ ಹಿಡಿದಳು.

"ಅಜ್ಜಿ, ಉಸಿರು ಬಿಡಿ. ನಂಗೆ ಆರನೇ ಕ್ಲಾಸಲ್ಲೇ ಅಮ್ಮ ಹೇಳಿದಾರೆ."

"ನನಗೆ ಯಾಕೆ ತಿಳಿಸಲಿಲ್ಲ?"

"ನೀವು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ರಿ. ನಿಮ್ಗೆ ಬೇಜಾರಾಗುತ್ತೆ ಅಂತ ನಾವಿಬ್ರೂ ಸುಮ್ನಿದ್ವಿ." ಆಮೇಲೆ ದನಿ ತಗ್ಗಿಸಿ, "ಮೇಘಶ್ರೀ ಅಕ್ಕಂಗೆ ಹೇಳಿದ್ದೂ ನಾನೇ. ದಸರಾ ರಜದಲ್ಲಿ ನೀವಿಲ್ಲದಾಗ ಜಾಗ ನೋಡೋಕೆ ಬಂದಿದ್ರು, ಆಗ. ಅವ್ರ ಕಥೇಲಿ ಬರೀ ಹುಡುಗಿ ಇದ್ಳು. ನಮ್ಮಮ್ಮ ಹೊಟ್ಟೆಗೆ ಸೀರೆ ಕಟ್ಕೊಂಡು ಊರೆಲ್ಲ ತಿರುಗಿದ್ದು ನಂಗೋಸ್ಕರ ಅಜ್ಜಿ. ಹಾಗೆ ಯಾರಿಗೆ ಯಾರು ಮಾಡ್ತಾರೆ? ನಂಗದು ಹೇಳ್ಬೇಕು ಅನ್ನಿಸ್ತು."

ಪ್ರೇಮಾ ಮೂಗು ಒರೆಸಿಕೊಂಡು, ಹೊಗೆಯ ನೆಪ ಹೇಳಿದಳು. ಆ ಹೊಗೆ ಅವಳಿಗೆ ಎಂದೂ ತಾಗಿದ್ದಿಲ್ಲವೆಂದು ಈಗ ಎಲ್ಲರಿಗೂ ಗೊತ್ತು.

ಮೇಘಶ್ರೀ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಅಮ್ಮ, ಟೀಚರ್ ಮಿಷನ್ ಹತ್ರ ನಿಲ್ಲೋದು ಬೇಡ್ವ?"

ಬೆಂಚಿನ ಕಡೆಗೆ ತಿರುಗಿದೆ.

"ನಿಲ್ಲಲಿ" ಎಂದೆ. "ಅವಳು ನಿಲ್ಲಲಿ, ಈ ಹೆಂಗಸರು ನೋಡಲಿ. ನೋಡಿ ಸುಮ್ಮನಿರಲಿ. ಹಾಗೆ ತೆಗೆಯಿರಿ."

೨೦ ಜನವರಿ, ಸೋಮವಾರ

ತಲೆನೋವು. ಅಂಗಡಿಗೆ ಹೋಗಲಿಲ್ಲ.

ಚಿಕೋರಿ ಬೆರೆಸದ ಪುಡಿ ಒಂದು ಕೆ.ಜಿ. ದ್ಯಾವಮ್ಮನಿಗೆ ಕಳುಹಿಸಿದೆ. ಹೆಚ್ಚು ಕರಿದಾಗಿದೆಯೆಂದು ಹೇಳಿ ಕಳುಹಿಸಿದಳು.

೨೧ ಜನವರಿ, ಮಂಗಳವಾರ

ಶಿಲ್ಪಾ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅಜ್ಜಿ ಎಂದು ಕರೆಯುವ ದನಿಯನ್ನು ಎರಡು ದಿನದಿಂದ ಗಮನಿಸುತ್ತಿದ್ದೇನೆ, ಮೊದಲಿನಂತೆಯೇ ಇದೆ. ಇದು ನಟನೆಯೇ ಎಂದು ಮೊದಲ ದಿನ ಸಂಶಯಿಸಿದ್ದೆ. ಆರನೇ ತರಗತಿಯಿಂದ ಹೀಗೆಯೇ ಕರೆಯುತ್ತಿದ್ದಾಳೆಂದರೆ ನಟನೆಗೆ ಅಷ್ಟು ಆಯುಸ್ಸಿಲ್ಲ.

"ಅಜ್ಜಿ, ಅವ್ರು ಹೇಗಿದ್ರು? ಅಮ್ಮ ನೋಡೇ ಇಲ್ವಂತೆ. ಬಾಗಿಲ ತನಕ ಹೋಗಿದ್ದು ನೀವೊಬ್ರೇ ಅಂತೆ."

"ನೀಲಿ ರೇನ್‌ಕೋಟು ಹಾಕಿದ್ದಳು."

"ಅದನ್ನ ದೊಡ್ಡಮ್ಮನೂ ಹೇಳಿದ್ರು, ದೂರದಿಂದ ಅಷ್ಟೇ ಕಂಡಿದ್ದಂತೆ. ಮುಖ?"

ಬಸ್ಸು ಹೊರಡುವುದರಲ್ಲಿತ್ತು ಎಂದೆ. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲವೆಂದು ನನಗೆ ಗೊತ್ತು. ಅವಳು ಒತ್ತಾಯಿಸಲಿಲ್ಲ. ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

೨೩ ಜನವರಿ, ಗುರುವಾರ

ಚಿತ್ರೀಕರಣದ ಕೊನೆಯ ದಿನ. ಮಗುವನ್ನು ಹಸ್ತಾಂತರಿಸುವ ದೃಶ್ಯ. ಟೀಚರ ಅತ್ತೆಯ ಪಾತ್ರವನ್ನು ನಾನೇ ಮಾಡಬೇಕೆಂದು ಮೇಘಶ್ರೀ ಕೇಳಿಕೊಂಡಳು. ಮೂರು ಬಾರಿ ಕೇಳಿದ ಮೇಲೆ ಒಪ್ಪಿದೆ. ನಾಲ್ಕು ದಿನ ಟ್ಯಾಂಕರಿನ ಮಳೆಯಲ್ಲಿ ನೆಂದು ಹುಡುಗಿಯ ಪಾತ್ರದ ನಟಿಗೆ ಜ್ವರ ಬಂದಿತ್ತು. ಹುಡುಗಿಯ ಬೆನ್ನು ಮಾತ್ರ ಕಾಣುವ ದೃಶ್ಯವಾದ್ದರಿಂದ ರೇನ್‌ಕೋಟನ್ನು ಶಿಲ್ಪಾಳಿಗೆ ತೊಡಿಸಿದರು.

"ನಿಮ್ಗೆ ಮಾತೇನೂ ಇಲ್ಲ ಅಮ್ಮ" ಎಂದು ಮೇಘಶ್ರೀ ವಿವರಿಸಿದಳು. "ಮಗು ತಗೊಳ್ಳಿ, ತಿರುಗಿ ನಡೀರಿ. ಅಷ್ಟೆ."

ಅಂಗಡಿಯ ಹಿಂದೆ ನೆರೆಯವರ ಮನೆಯ ಬಾಗಿಲು. ನೀರು ಬಿಟ್ಟರು. ಶಿಲ್ಪಾ ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಗೊಂಬೆ. ಕ್ಯಾಮೆರಾ ಅವಳ ಹಿಂದೆ, ಮನೆಯೊಳಗೆ ಇತ್ತು. ಅವಳ ಮುಖ ಕಾಣುತ್ತಿದ್ದುದು ನನಗೊಬ್ಬಳಿಗೇ.

ಹದಿನೇಳು ವರ್ಷದ ಮುಖ. ಟೋಪಿಯಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ತುಟಿ ಚಳಿಗೆ ಕೊಂಚ ನೀಲಿಯಾಗಿತ್ತು. ಅವಳು ಗೊಂಬೆಯನ್ನು ಚಾಚಿದಳು. ತೆಗೆದುಕೊಂಡೆ. ತಿರುಗಿ ನಡೆಯಬೇಕಿತ್ತು.

"ಊಟ ಮಾಡಿದೆಯಾ, ಮಗಾ?" ಎಂದು ಕೇಳಿದೆ.

ಅವಳ ಮಾತುಗಳಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತೋ ಟ್ಯಾಂಕರಿನ ನೀರೋ ತಿಳಿಯಲಿಲ್ಲ.

"ಇಲ್ಲ" ಎಂದಳು.

"ಹಾಗಾದ್ರೆ ನಡಿ."

ಗೊಂಬೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಅವಳ ಕೈ ಹಿಡಿದು, ಹೊಸ್ತಿಲಿನಿಂದ ಇಳಿಸಿ, ನೀರಿನಿಂದಾಚೆ, ಬಿಸಿಲಿಗೆ, ನಮ್ಮ ಮನೆಯ ಕಡೆಗೆ ನಡೆದೆ. ಹಿಂದಿನಿಂದ ಯಾರೋ "ಕಟ್, ಕಟ್" ಎಂದು ಕೂಗಿದರು. ಇನ್ನಾರೋ "ಸುಮ್ನಿರೋ, ಹೋಗ್ಲಿ ಬಿಡು" ಎಂದರು. ಅದು ಮೇಘಶ್ರೀಯ ದನಿಯಂತಿತ್ತು. ಪ್ರೇಮಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಹುಡುಗಿ ಒದ್ದೆ ರೇನ್‌ಕೋಟಿನಲ್ಲಿಯೇ ಕುಳಿತು ನಾಲ್ಕು ತಿಂದಳು.

ನಾನು ಕಥೆಯಲ್ಲಿ ಇಲ್ಲದ ಮಾತಾಡಿ, ಮಗುವಿನ ಜೊತೆಗೆ ತಾಯಿಯನ್ನೂ ಕರೆದುಕೊಂಡು ಹೋದೆನೆಂದು ತಂಡದ ಕೆಲವರು ಸಂಜೆ ಆಕ್ಷೇಪಣೆ ಸಲ್ಲಿಸಿದರು. ಪರಿಶೀಲಿಸಿ, ಸದರಿ ಆಕ್ಷೇಪಣೆಯನ್ನು ತಳ್ಳಿಹಾಕಿದ್ದೇನೆ. ಕಾರಣ ಬರೆದಿಲ್ಲ.